ಹಸಿರು ಶಾಯಿ ಒಂದೇ ಸಾಲದು

ಹಳೆ ಸಾಮಾನಿನ ಮಾರಾಟದಲ್ಲಿ ಸಿಕ್ಕ, ಅಮೆರಿಕದ ಹಳೆ ಬೇಸ್‌ಬಾಲ್ ಆಟಗಾರ ಟೈ ಕಾಬ್ ಬರೆದದ್ದು ಎನ್ನುವ ಪತ್ರ ಹಸಿರು ಶಾಯಿಯಲ್ಲಿದೆ, ಅಸಲಿಯೇ ಅಂತ ಕೇಳಿದ್ದೀರಿ. ಕಾಬ್ ಹಸಿರು ಶಾಯಿಯಲ್ಲಿ ಬರೆಯುತ್ತಿದ್ದದ್ದು ನಿಜ. ಆದರೆ ಅದು ನಕಲಿ ಮಾಡುವವರಿಗೂ ಗೊತ್ತು, ಅಲ್ವಾ? ಸುಮ್ನೆ ಬಣ್ಣ ನೋಡಿ ನಂಬಬೇಡಿ.

ಭೂತಗನ್ನಡಿ ಹಿಡಿದು ಸಹಿಯ ಗೆರೆ ನೋಡಿ. ಸರಾಗವಾಗಿ ಬರೆದ ಗೆರೆ ಕೊನೆಯಲ್ಲಿ ತೆಳ್ಳಗಾಗುತ್ತಾ ಹೋಗುತ್ತದೆ. ನೋಡಿಕೊಂಡು ನಿಧಾನಕ್ಕೆ ಬರೆದಿದ್ದರೆ ಗೆರೆ ನಡುಗಿರುತ್ತದೆ, ಪೆನ್ನು ನಿಂತಲ್ಲೆಲ್ಲ ಶಾಯಿ ಜಾಸ್ತಿ ಇಳಿದಿರುತ್ತದೆ. ಬರೀ ಸಣ್ಣ ಚುಕ್ಕಿಗಳು ಕಂಡರೆ ಅದು ಅಚ್ಚು.

ಕಾಬ್ ತೀರಿಕೊಂಡಿದ್ದು 1961ರ ಜುಲೈನಲ್ಲಿ. ಲಕೋಟೆ ಇದ್ದರೆ ಅಂಚೆ ಮುದ್ರೆಯ ತಾರೀಖು ನೋಡಿ, ದಯವಿಟ್ಟು ಎಸೆಯಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಪತ್ರ ಹಾಳಾಗುತ್ತದೆ. ಅಸಲಿಯೇ ಆಗಿರಲಿ ಅಂತ ನನಗೂ ತುಂಬಾ ಆಸೆ.