ಕಂಪ್ಯೂಟರ್ ತಂಡ ಮೋಸ ಮಾಡುತ್ತಿದೆಯಾ? ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ

ಸರ್, ನಾವು ಕೋಚ್ ಆಗಿ ಹುಡುಗರನ್ನು ತಂಡಕ್ಕೆ ಸೇರಿಸಿಕೊಳ್ಳುವ ನಮ್ಮ ಕಾಲೇಜು ಬಾಸ್ಕೆಟ್‌ಬಾಲ್ ಆನ್‌ಲೈನ್ ಗೇಮ್ ಬಗ್ಗೆ ನಿಮ್ಮ ದೂರು ಪೂರ್ತಿ ಓದಿದೆ. ಐದು ಹುಡುಗರ ಹಿಂದೆ ಬಿದ್ದಿರಿ, ಪ್ರತಿಯೊಬ್ಬನೂ ನಿಮಗೆ ಸಿಗುವ ಚಾನ್ಸ್ 70% ಅಂತ ತೋರಿಸುತ್ತಿತ್ತು, ಆದರೂ ಮೂವರನ್ನು ಕಂಪ್ಯೂಟರ್ ನಡೆಸುವ ತಂಡಗಳು ಎತ್ತಿಕೊಂಡು ಹೋದವು. ಗೇಮ್ ಅವುಗಳ ಕಡೆ ವಾಲಿದೆ ಅನ್ನೋದು ನಿಮ್ಮ ಅನುಮಾನ.

ಆ ಹೊಟ್ಟೆ ಉರಿ ನನಗೂ ಗೊತ್ತು. ಅಮೆರಿಕದ ಇಂಡಿಯಾನಾ ರಾಜ್ಯದ ಒಬ್ಬ ಸೆಂಟರ್ (ಬುಟ್ಟಿ ಹತ್ತಿರ ಆಡುವ ಎತ್ತರದ ಆಟಗಾರ), ಆರು ಅಡಿ ಹತ್ತು ಇಂಚು. ಮನೆಗೆ ಹೋಗಿ ಮಾತಾಡಿದ್ದಾಯಿತು, ಕ್ಯಾಂಪಸ್‌ಗೆ ಕರೆಸಿದ್ದಾಯಿತು, ಮೊದಲ ಐವರಲ್ಲಿ ಜಾಗ ಕೊಡುತ್ತೇನೆ ಅಂತ ಮಾತೂ ಕೊಟ್ಟಿದ್ದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ನೋಡಿದರೆ, ಆಸಾಮಿ ಕಂಪ್ಯೂಟರ್ ತಂಡಕ್ಕೆ ಸಹಿ ಹಾಕಿದ್ದ!

ಆದರೆ ಲೆಕ್ಕ ಹಾಕಿ ನೋಡಿ. 70% ಅಂದರೆ ಹತ್ತರಲ್ಲಿ ಮೂವರು ಕೈ ತಪ್ಪುವುದೇ. ಐವರಲ್ಲಿ ಮೂವರನ್ನೋ ಅದಕ್ಕಿಂತ ಜಾಸ್ತಿಯನ್ನೋ ಕಳೆದುಕೊಳ್ಳುವ ಸಾಧ್ಯತೆ ಸುಮಾರು 16%. ಯಾವ ಮೋಸ ಇಲ್ಲದಿದ್ದರೂ ಆರು ಸೀಸನ್‌ಗೆ ಒಂದು ಹೀಗೇ ಹಾಳಾಗುತ್ತದೆ. ಸಿಕ್ಕ ಹುಡುಗರು ನಮಗೆ ನೆನಪಿರಲ್ಲ, ತಪ್ಪಿಹೋದವರು ಮಾತ್ರ ವರ್ಷಗಟ್ಟಲೆ ಕಾಡುತ್ತಾರೆ.

ಇನ್ನು ಖಾಲಿ ಸೀಟು. ನಮ್ಮ ಗೇಮ್‌ನಲ್ಲಿ ಹುಡುಗರನ್ನು ಸೆಳೆಯುವ ಬಜೆಟ್ ಬರುವುದು ಖಾಲಿ ಸ್ಕಾಲರ್‌ಶಿಪ್, ಅಂದರೆ ತಂಡದಲ್ಲಿ ಖಾಲಿ ಇರುವ ಜಾಗಗಳ ಲೆಕ್ಕದಲ್ಲಿ. ನನ್ನ ಸೆಂಟರ್ ವಿಷಯ ಆಮೇಲೆ ಕೆದಕಿ ನೋಡಿದೆ. ನನ್ನಲ್ಲಿ ಖಾಲಿ ಇದ್ದದ್ದು ಎರಡೇ. ಆ ತಂಡದಲ್ಲಿ ಆರು ಸೀನಿಯರ್‌ಗಳು (ಕೊನೆಯ ವರ್ಷದವರು) ಹೊರಟಿದ್ದರು. ಅಂದರೆ ನನ್ನ ಮೂರು ಪಟ್ಟು ದುಡ್ಡು! ಸಾಲದ್ದಕ್ಕೆ ಹುಡುಗನಿಗೆ ಮನೆ ಹತ್ತಿರದ ಕಾಲೇಜೇ ಬೇಕಿತ್ತು, ಅವರದು ಇಂಡಿಯಾನಾದಲ್ಲೇ, ನನ್ನದು ದೂರದ ಮೊಂಟಾನಾ. ಎದುರಿನ ತಂಡದ ರೋಸ್ಟರ್ (ಆಟಗಾರರ ಪಟ್ಟಿ) ತೆರೆದು ಸೀನಿಯರ್‌ಗಳನ್ನು ಎಣಿಸಲು ಎರಡು ನಿಮಿಷ ಸಾಕಿತ್ತು. ನಾನೇ ಎಣಿಸಿರಲಿಲ್ಲ.

ಇನ್ನೊಂದು, ಭಾರತದಲ್ಲಿ ಕೂತು ಆಡುವವರಿಗೆ ಮಾತ್ರ. ಕೊನೆಯ ಸೈಕಲ್, ಅಂದರೆ ಗೇಮ್ ಎಲ್ಲರ ಪಾಯಿಂಟ್ ಲೆಕ್ಕಕ್ಕೆ ತೆಗೆದುಕೊಳ್ಳುವ ಸುತ್ತು, ಅಮೆರಿಕದ ಈಸ್ಟರ್ನ್ ಟೈಮ್ ರಾತ್ರಿ 11ಕ್ಕೆ. ಚಳಿಗಾಲದಲ್ಲಿ ನಮಗದು ಬೆಳಗ್ಗೆ 9.30. ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅಲ್ಲಿಂದ ನಮಗೆ 8.30. ಮತ್ತೆ 9.30 ಆಗುವುದು ನವೆಂಬರ್ ಮೊದಲ ಭಾನುವಾರ. ನೀವು ಒಂಬತ್ತಕ್ಕೆ ಲಾಗಿನ್ ಆಗಿ ಹುಡುಗರ ಮೇಲೆ ಪಾಯಿಂಟ್ ಹಾಕುವವರಾದರೆ, ಮಾರ್ಚ್ ಎರಡನೇ ಭಾನುವಾರದ ನಂತರ ಸೈಕಲ್ ಮುಗಿದ ಮೇಲೆ ಹಾಕುತ್ತಿರುತ್ತೀರಿ. ನೀವು ಹೇಳಿದ ಮೂವರಲ್ಲಿ ಇಬ್ಬರು ಮಾರ್ಚ್ ಮಧ್ಯದಲ್ಲೇ ಹೋದದ್ದು, ಅಲ್ವಾ?

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಹೀಗೆ ಮಾಡಿ. ಸಹಿ ಆಗುವ ಮೊದಲೇ ಬರೆಯಿರಿ: ಹುಡುಗ ಯಾರು, ನಿಮಗೆ ಎಷ್ಟು %, ಎದುರಾಳಿ ಮನುಷ್ಯನೋ ಕಂಪ್ಯೂಟರೋ. ಫಲಿತಾಂಶ ಬಂದ ಮೇಲೆ ಬರೆದರೆ ಪ್ರಯೋಜನವಿಲ್ಲ, ಮನಸ್ಸು ಬೇಕಾದ್ದನ್ನೇ ಆರಿಸಿಕೊಳ್ಳುತ್ತದೆ. ಮನುಷ್ಯರ ವಿರುದ್ಧ ಒಂದು ಪುಟ, ಕಂಪ್ಯೂಟರ್ ವಿರುದ್ಧ ಒಂದು ಪುಟ. ಕಂಪ್ಯೂಟರ್ ಪುಟದಲ್ಲಿ 40 ಹುಡುಗರಾದಾಗ ಕೂಡಿಸಿ. ಸರಾಸರಿ ಚಾನ್ಸ್ 65% ಇದ್ದರೆ 26 ಜನ ಸಿಗಬೇಕು. 20ರಿಂದ 32ರ ಒಳಗೆ ಎಷ್ಟು ಬಂದರೂ ಅದೃಷ್ಟದ ಆಟ ಅನ್ನಬಹುದು. 20ಕ್ಕಿಂತ ಕೆಳಗೆ ಇಳಿದರೆ, ಅದೂ ಮನುಷ್ಯರ ಪುಟ ಸರಿಯಾಗಿದ್ದು ಇದೊಂದೇ ಇಳಿದರೆ, ಆಗ ಗೇಮ್‌ನ ಸಪೋರ್ಟ್‌ಗೆ ಕಳುಹಿಸಿ. 'ಗೇಮ್ ಮೋಸ' ಅಂತ ಬರೆದರೆ ಯಾರೂ ಓದಲ್ಲ, ಟೇಬಲ್ ಕಳುಹಿಸಿದರೆ ಉತ್ತರ ಕೊಡಲೇಬೇಕಾಗುತ್ತದೆ.

ನನಗೂ ಒಂದು ಅನುಮಾನ ಇದೆ, ಆದರೆ ಅದು ಬೇರೆ ಕಡೆ. ನಾವು ಸ್ಕೌಟಿಂಗ್‌ಗೆ (ಹುಡುಗರ ಆಟ ಅಳೆದು ನೋಡಲು) ಪಾಯಿಂಟ್ ಸುರಿದು ಒಬ್ಬ ಹುಡುಗನ ರೇಟಿಂಗ್ ತಿಳಿದುಕೊಳ್ಳುತ್ತೇವೆ. ಕಂಪ್ಯೂಟರ್‌ಗೆ ಅದು ಸುಮ್ನೆ ಕಾಣುತ್ತದೆಯಾ? ಹಾಗಿದ್ದರೆ ಅದು ನಿಜಕ್ಕೂ ಅನ್ಯಾಯ. ಸಪೋರ್ಟ್‌ಗೆ ಬರೆಯುವಾಗ ಈ ಪ್ರಶ್ನೆಯನ್ನೂ ಸೇರಿಸಿ.

ನನ್ನ ಕಂಪ್ಯೂಟರ್ ಪುಟದಲ್ಲಿ ಈಗ 31 ಹುಡುಗರಿದ್ದಾರೆ, 19 ಜನ ಸಿಕ್ಕರು. ನಿಮ್ಮದೂ ಹಾಕಿ, ಜೋಡಿಸಿ ನೋಡೋಣ.