ಅರವತ್ತು ವರ್ಷದ ಸೀರಿಯಲ್ಲು, ಎಲ್ಲಿಂದ ಶುರು ಮಾಡೋದು?

ಕಳೆದ ಸಂಚಿಕೆಯಲ್ಲಿ ‘ಡಾಕ್ಟರ್ ಹೂ’ ಬಗ್ಗೆ ಎರಡೇ ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅದರದ್ದೇ ಜಾಸ್ತಿ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಅದಕ್ಕೇ ಇರಲಿ. ಕೇಳಿಯೇ ಇಲ್ಲ ಅನ್ನುವವರಿಗೆ ಒಂದು ಮಾತು. ಇದು ಬ್ರಿಟನ್ನಿನ ಬಿಬಿಸಿ 1963ರಲ್ಲಿ ಶುರು ಮಾಡಿದ ಸೈನ್ಸ್ ಫಿಕ್ಷನ್ ಸರಣಿ. ಬೇರೆ ಗ್ರಹದಿಂದ ಬಂದ, ಎರಡು ಹೃದಯ ಇರುವ, ‘ಡಾಕ್ಟರ್’ ಅಂತ ಮಾತ್ರ ಕರೆಸಿಕೊಳ್ಳುವ ಒಬ್ಬ ಅಲೆಮಾರಿಯ ಕಥೆ. ಅವನ ವಾಹನದ ಹೆಸರು ಟಾರ್ಡಿಸ್. ಹೊರಗಿಂದ ನೋಡಿದರೆ ಹಳೇ ಲಂಡನ್ ಬೀದಿಯಲ್ಲಿದ್ದ ನೀಲಿ ಪೊಲೀಸ್ ಬೂತು, ಒಳಗೆ ಹೋದರೆ ನಡೆದಷ್ಟೂ ಕೋಣೆಗಳು. ಅದರಲ್ಲಿ ಯಾವ ಕಾಲಕ್ಕೆ ಬೇಕಾದರೂ ಹೋಗಬಹುದು, ಯಾವ ಗ್ರಹಕ್ಕೆ ಬೇಕಾದರೂ ಹೋಗಬಹುದು. ಜೊತೆಗೆ ಭೂಮಿಯವರು ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ.

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳು ಹಾಸ್ಟೆಲ್‌ನಲ್ಲಿದ್ದಾಳೆ. ರಜೆಗೆ ಬಂದಾಗೆಲ್ಲ ಡಾಕ್ಟರ್ ಹೂ ಜಪ. ‘ಅಮ್ಮ, ನೀನೂ ನೋಡು, ಫೋನಲ್ಲಿ ಮಾತಾಡೋಣ’ ಅಂತಾಳೆ. ಹುಡುಕಿ ನೋಡಿದರೆ 800ಕ್ಕೂ ಹೆಚ್ಚು ಎಪಿಸೋಡು ಅಂತ ಬಂತು. ಮೊದಲಿಂದಲೇ ನೋಡಬೇಕಾ? ಮಧ್ಯದಿಂದ ನೋಡಿದರೆ ಅರ್ಥ ಆಗುತ್ತಾ?
– ಗೃಹಿಣಿ, ಮೈಸೂರು

ಉತ್ತರ: ಖಂಡಿತ ಅರ್ಥ ಆಗುತ್ತದೆ ಮೇಡಂ. ಮೊದಲಿಂದ ನೋಡಲೇಬೇಡಿ ಅಂತಲೇ ಹೇಳುತ್ತೇನೆ. ಆ 800 ಅನ್ನೋ ಸಂಖ್ಯೆಯನ್ನು ಮರೆತುಬಿಡಿ. ನಮ್ಮ ಸಂಜೆ ಧಾರಾವಾಹಿಗಳಲ್ಲಿ ಒಂದು ವಾರ ತಪ್ಪಿದರೆ ಯಾರು ಯಾರಿಗೆ ವಿಷ ಹಾಕಿದರು ಅನ್ನೋದೇ ಗೊತ್ತಾಗಲ್ಲ, ಇದು ಆ ಥರದ್ದಲ್ಲ. ಇಲ್ಲಿ ಹೆಚ್ಚಿನ ಕಥೆಗಳು ಅಲ್ಲಲ್ಲೇ ಶುರುವಾಗಿ ಅಲ್ಲಲ್ಲೇ ಮುಗಿಯುತ್ತವೆ. ಈ ವಾರ ಬೇರೆ ಗ್ರಹ, ಮುಂದಿನ ವಾರ ಇನ್ನೂರು ವರ್ಷ ಹಿಂದಿನ ಊರು. ಪೆಟ್ಟಿಗೆಯ ಬಾಗಿಲು ತೆರೆದಾಗ ಹೊರಗೆ ಏನಿದೆ ಅಂತ ಜೊತೆಗಾರರಿಗೂ ಗೊತ್ತಿರಲ್ಲ, ನಿಮಗೂ ಗೊತ್ತಿರಲ್ಲ. ಹಾಗಾಗಿ ಹೊಸಬರು ಅಂತ ಹಿಂದೆ ಬೀಳುವ ಪ್ರಶ್ನೆಯೇ ಇಲ್ಲ.

ಆದರೆ ಒಂದು ವಿಷಯ ಗಮನಿಸಿ. ಈ ಸರಣಿಗೆ ಮೂರು ‘ಸೀಸನ್ 1’ ಇದೆ! 1963ರದ್ದು ಒಂದು. 1989ರಲ್ಲಿ ನಿಂತುಹೋಗಿ, ನಡುವೆ 1996ರಲ್ಲಿ ಒಂದೇ ಒಂದು ಟೀವಿ ಸಿನಿಮಾ ಬಂದು, 2005ರಲ್ಲಿ ಮತ್ತೆ ಶುರುವಾಯಿತಲ್ಲ, ಅದು ಇನ್ನೊಂದು. 2024ರಲ್ಲಿ ಲೆಕ್ಕವನ್ನು ಮತ್ತೆ ಒಂದರಿಂದ ಹಿಡಿದರು, ಅದು ಮೂರನೆಯದು. ನಿಮಗೆ ಬೇಕಾದ್ದು 2005ರದ್ದು. ಮಗಳನ್ನು ಕೇಳಿದರೂ ಬಹುಶಃ ಅದನ್ನೇ ಹೇಳುತ್ತಾಳೆ.

ಅದರ ಮೊದಲ ಎಪಿಸೋಡ್ ಹೆಸರು ‘ರೋಸ್’. ರೋಸ್ ಟೈಲರ್ ಅಂತ ಹತ್ತೊಂಬತ್ತರ ಹುಡುಗಿ, ಲಂಡನ್ನಿನ ದೊಡ್ಡ ಬಟ್ಟೆ ಅಂಗಡಿಯಲ್ಲಿ ಕೆಲಸ. ಅಂಗಡಿ ಮುಚ್ಚೋ ಹೊತ್ತಿಗೆ ಕೆಳಮಹಡಿಗೆ ಹೋಗುತ್ತಾಳೆ. ಅಲ್ಲಿ ಬಟ್ಟೆ ತೊಡಿಸಿ ನಿಲ್ಲಿಸುವ ಪ್ಲಾಸ್ಟಿಕ್ ಬೊಂಬೆಗಳಿರುತ್ತವೆ, ಒಂದೊಂದೇ ತಲೆ ತಿರುಗಿಸುತ್ತವೆ. ಯಾರೋ ಹುಡುಗರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಅವಳು ಗೋಡೆಗೆ ಒತ್ತಿಕೊಂಡು ನಿಂತಾಗ, ಪಕ್ಕದಿಂದ ಒಂದು ಕೈ ಬಂದು ಅವಳ ಕೈ ಹಿಡಿದುಕೊಳ್ಳುತ್ತದೆ. ‘ಓಡು’ ಅನ್ನುತ್ತಾನೆ ಡಾಕ್ಟರ್. ಅವನ್ಯಾರು ಅಂತ ಅವಳಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವಳ ಹಿಂದೆ ನಾವೂ ಓಡಿದರೆ ಆಯಿತು. ಬರೆದವರು ರಸೆಲ್ ಟಿ ಡೇವಿಸ್. ಹದಿನಾರು ವರ್ಷ ನಿಂತಿದ್ದ ಸರಣಿಗೆ ಮರುಜೀವ ಕೊಡುವಾಗ ಅವರು ಹಳೇದನ್ನೆಲ್ಲ ವಿವರಿಸುತ್ತಾ ಕೂರಲಿಲ್ಲ. ಆ ಹುಡುಗಿಯ ಮನೆ, ಅವಳ ಅಮ್ಮ, ಅವಳ ಬೇಜಾರು, ಅಲ್ಲಿಂದ ಹಿಡಿದರು. ಅದೇ ಅವರ ಜಾಣತನ ಅಂತ ನನಗೆ ಅನಿಸೋದು. ನೀವು ತಾಯಿಯಾಗಿ ನೋಡಿದರೆ ರೋಸಿನ ಅಮ್ಮ ಜಾಕಿ ನಿಮಗೆ ತುಂಬಾ ಹತ್ತಿರ ಆಗುತ್ತಾಳೆ, ಬೇಕಾದರೆ ನೋಡಿ.

ಅಷ್ಟೂ ಪುರುಸೊತ್ತಿಲ್ಲ, ಒಂದೇ ಎಪಿಸೋಡ್ ನೋಡಿ ಇಷ್ಟ ಆಗುತ್ತೋ ಇಲ್ಲವೋ ತೀರ್ಮಾನ ಮಾಡ್ತೀನಿ ಅನ್ನುವುದಾದರೆ 2007ರ ‘ಬ್ಲಿಂಕ್’ ಹಾಕಿಕೊಳ್ಳಿ. ಪಾಳುಮನೆಯೊಂದರಲ್ಲಿ ಸ್ಯಾಲಿ ಸ್ಪ್ಯಾರೋ ಅನ್ನೋ ಹುಡುಗಿ ಗೋಡೆಯ ಕಾಗದ ಕಿತ್ತಾಗ ಕೆಳಗೆ ಅವಳ ಹೆಸರೇ ಬರೆದಿರುತ್ತದೆ, ‘ಈಗಲೇ ಬಗ್ಗು’ ಅಂತ. ಅವಳು ಬಗ್ಗುತ್ತಾಳೆ, ಕಿಟಕಿ ಒಡೆದು ಕಲ್ಲು ಬಂದು ಬೀಳುತ್ತದೆ. ಕಾಗದದ ಅಡಿಯ ಬರಹಕ್ಕೆ ಸಹಿ ಡಾಕ್ಟರದ್ದು, ಬರೆದ ವರ್ಷ 1969. ಆ ಎಪಿಸೋಡಲ್ಲಿ ಡಾಕ್ಟರ್ ಕಾಣಿಸಿಕೊಳ್ಳುವುದೇ ಕಮ್ಮಿ. ಆದರೂ ಸರಣಿಯ ರುಚಿ ಪೂರ್ತಿ ಸಿಗುತ್ತದೆ.

ಇನ್ನೊಂದು ಮಾತು, ಸಬ್‌ಟೈಟಲ್ ಹಾಕಿಕೊಂಡೇ ನೋಡಿ. 2005ರ ಡಾಕ್ಟರ್ ಮಾತಲ್ಲಿ ಇಂಗ್ಲೆಂಡಿನ ಉತ್ತರದ ಕಡೆಯ ಧಾಟಿ ಇದೆ, ಸಂಗೀತದ ಸದ್ದೂ ಜೋರು.

ಪ್ರಶ್ನೆ: ಒಂದು ಸೀಸನ್ ಪೂರ್ತಿ ನೋಡಿ ಆ ನಟನಿಗೆ ಒಗ್ಗಿಕೊಂಡಿದ್ದೆ. ಕೊನೆಗೆ ಅವನು ಹೋಗಿ ಬೇರೆ ಮುಖ ಬಂತು. ತುಂಬಾ ಬೇಜಾರಾಯ್ತು. ಹೀಗ್ಯಾಕೆ ಮಾಡ್ತಾರೆ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ನಿಮ್ಮ ಬೇಜಾರು ನ್ಯಾಯವಾದದ್ದೇ. 2005ರ ಡಾಕ್ಟರ್ ಆಗಿದ್ದ ಕ್ರಿಸ್ಟೋಫರ್ ಎಕಲ್‌ಸ್ಟನ್ ಇದ್ದದ್ದೇ ಒಂದು ಸೀಸನ್, ಅಷ್ಟರಲ್ಲೇ ಜನ ಅವರನ್ನು ಹಚ್ಚಿಕೊಂಡಿದ್ದರು. ಆದರೆ ಈ ಸರಣಿ ಇನ್ನೂ ಬದುಕಿರುವುದೇ ಈ ಒಂದು ಉಪಾಯದಿಂದ.

ಮೊದಲ ಡಾಕ್ಟರ್ ವಿಲಿಯಂ ಹಾರ್ಟ್ನೆಲ್. ಬೆಳ್ಳಿ ಕೂದಲಿನ, ಸಿಡುಕು ಮೋರೆಯ ಅಜ್ಜ. ಮೂರು ವರ್ಷದಲ್ಲಿ ಅವರ ಆರೋಗ್ಯ ಕೈಕೊಟ್ಟಿತು, ಮಾತುಗಳು ನೆನಪಲ್ಲಿ ನಿಲ್ಲದಾದವು. ಸರಣಿ ನಿಲ್ಲಿಸಬೇಕು, ಇಲ್ಲ ಬೇರೆ ನಟನನ್ನು ಹಾಕಿ ಜನ ಗಮನಿಸದಿದ್ದರೆ ಸಾಕು ಅಂತ ಸುಮ್ಮನಿರಬೇಕು. ತಂಡದವರು ಎರಡನ್ನೂ ಮಾಡಲಿಲ್ಲ. ಇವನು ಮನುಷ್ಯನಲ್ಲವಲ್ಲ, ದೇಹ ಸೋತಾಗ ಹೊಸ ದೇಹ ಪಡೆಯುತ್ತಾನೆ ಅಂತ ಕಥೆಯಲ್ಲೇ ಸೇರಿಸಿಬಿಟ್ಟರು. 1966ರ ಅಕ್ಟೋಬರ್‌ನಲ್ಲಿ ಹಾರ್ಟ್ನೆಲ್ ಟಾರ್ಡಿಸ್ ನೆಲದ ಮೇಲೆ ಕುಸಿದರು, ತೆರೆ ಬೆಳಗಿತು, ಪ್ಯಾಟ್ರಿಕ್ ಟ್ರೌಟನ್ ಮುಖ ಬಂತು. ಹೊಸಬರು ಹಳಬರನ್ನು ಅನುಕರಿಸಲಿಲ್ಲ. ಬಟ್ಟೆ, ನಡಿಗೆ, ಸ್ವಭಾವ, ತಮಾಷೆ ಎಲ್ಲ ಬೇರೆ. ಆದರೆ ಅದೇ ಡಾಕ್ಟರ್.

ಯಕ್ಷಗಾನ ನೋಡುವವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಒಂದೇ ಕೌರವನ ಪಾತ್ರ, ಒಬ್ಬೊಬ್ಬ ಕಲಾವಿದರದ್ದು ಒಂದೊಂದು ಬಗೆ, ಯಾರದ್ದು ಚೆನ್ನ ಅಂತ ಬೆಳಗಿನ ಜಾವದವರೆಗೆ ವಾದ. ಇಲ್ಲೂ ಹಾಗೇ. ಬ್ರಿಟನ್ನಿನಲ್ಲಿ ‘ನನ್ನ ಡಾಕ್ಟರ್’ ಅಂತಲೇ ಮಾತಾಡುತ್ತಾರೆ, ಚಿಕ್ಕಂದಿನಲ್ಲಿ ಯಾರನ್ನು ನೋಡಿದರೋ ಅವರು. ಟಾಮ್ ಬೇಕರ್ 1974ರಿಂದ 1981ರವರೆಗೆ ಉದ್ದನೆಯ ಬಣ್ಣದ ಸ್ಕಾರ್ಫ್ ಸುತ್ತಿಕೊಂಡು ಬಂದರು, ಒಂದಿಡೀ ತಲೆಮಾರಿಗೆ ಅವರೇ ಡಾಕ್ಟರ್. 2018ರಲ್ಲಿ ಜೋಡಿ ವಿಟೇಕರ್ ಬಂದಾಗ ಡಾಕ್ಟರ್ ಹೆಣ್ಣಾದಳು. ಮುಂದೆ ರುವಾಂಡಾದಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಶೂಟಿ ಗಾಟ್ವಾ ಬಂದರು. ಪೀಟರ್ ಕಪಾಲ್ಡಿ ಕಥೆ ನನಗೆ ತುಂಬಾ ಇಷ್ಟ. ಹದಿನೈದರ ಹುಡುಗನಾಗಿದ್ದಾಗ ಈ ಸರಣಿಯನ್ನು ಹೊಗಳಿ ಪತ್ರಿಕೆಯೊಂದಕ್ಕೆ ಪತ್ರ ಬರೆದಿದ್ದರು, ಅಚ್ಚೂ ಆಗಿತ್ತು. ಸುಮಾರು ನಲವತ್ತು ವರ್ಷ ಕಳೆದ ಮೇಲೆ ಅವರೇ ಡಾಕ್ಟರ್ ಆದರು!

ನೀವು ಈಗ ನೋಡಿದ ಹೊಸ ಮುಖ ಡೇವಿಡ್ ಟೆನೆಂಟ್. ಎರಡು ಮೂರು ಎಪಿಸೋಡ್ ಸಮಯ ಕೊಡಿ.

ಪ್ರಶ್ನೆ: ಯಾರೋ ಹೇಳಿದರು ಅಂತ ಹಳೇ ಕಪ್ಪು-ಬಿಳುಪು ಭಾಗ ನೋಡಿದೆ. ಸೆಟ್ ಅಲ್ಲಾಡುತ್ತೆ, ರಾಕ್ಷಸ ಯಂತ್ರದ ಕೈ ನೋಡಿದರೆ ನಗು ಬರುತ್ತೆ. ಇದರಲ್ಲಿ ಅಂಥಾದ್ದೇನಿದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನೀವು ನೋಡಿದ ಯಂತ್ರ ಡಾಲೆಕ್. ಅದರ ಕೈ ನಿಜವಾಗಿಯೂ ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಪ್ಲಂಜರ್ರೇ. ದುಡ್ಡು ಇರಲಿಲ್ಲ, ಸಮಯವೂ ಇರಲಿಲ್ಲ. ಆದರೆ ವಿನ್ಯಾಸ ಮಾಡಿದ ರೇಮಂಡ್ ಕ್ಯೂಸಿಕ್ ಒಂದು ವಿಷಯದಲ್ಲಿ ಹಟ ಹಿಡಿದರು, ವೇಷ ಹಾಕಿದ ಮನುಷ್ಯ ಅಂತ ಕಾಣಲೇಬಾರದು. ಅದಕ್ಕೇ ಕಾಲಿಲ್ಲ. ಒಳಗೆ ನಟ ಕೂತುಕೊಂಡು ಪಾದದಲ್ಲಿ ತಳ್ಳಿಕೊಂಡು ಹೋಗುತ್ತಿದ್ದ, ಹೊರಗಿನವರಿಗೆ ಅದು ನೆಲದ ಮೇಲೆ ಜಾರಿದ ಹಾಗೆ ಕಾಣುತ್ತಿತ್ತು. 1963ರ ಡಿಸೆಂಬರ್‌ನಲ್ಲಿ ಅದು ತೆರೆಗೆ ಬಂದಿದ್ದೇ ತಡ, ಮಕ್ಕಳು ಶಾಲೆ ಅಂಗಳದಲ್ಲಿ ಕೈ ಮುಂದೆ ಚಾಚಿಕೊಂಡು ಡಾಲೆಕ್ ಆಟ ಆಡತೊಡಗಿದರು. ಸರಣಿ ಗಟ್ಟಿಯಾಗಿ ಕಾಲೂರಿದ್ದೇ ಅಲ್ಲಿಂದ.

ಎಂಜಿನಿಯರಿಂಗ್ ಓದುವವರು ಅಂದಿರಿ, ಹಾಗಾದರೆ ಕಣ್ಣಿಗಿಂತ ಕಿವಿ ಕೊಟ್ಟು ನೋಡಿ. ಶೀರ್ಷಿಕೆ ಸಂಗೀತ ಬರೆದದ್ದು ರಾನ್ ಗ್ರೇನರ್. ಅದನ್ನು ಸದ್ದಾಗಿ ಮಾಡಿದ್ದು ಬಿಬಿಸಿಯಲ್ಲಿ ವಿಶೇಷ ಸದ್ದುಗಳನ್ನು ತಯಾರಿಸುತ್ತಿದ್ದ ವಿಭಾಗವಾದ ರೇಡಿಯೊಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್ ಅನ್ನುವ ಹೆಣ್ಣುಮಗಳು. ಅಂಗಡಿಯಲ್ಲಿ ಸಿಂಥಸೈಸರ್ ಸಿಗುವ ಕಾಲ ಅಲ್ಲ ಅದು. ಒಂದು ತಂತಿ ಮೀಟಿದ ಸದ್ದು, ಪ್ರಯೋಗಾಲಯದ ಆಸಿಲೇಟರ್‌ಗಳ ಸದ್ದು, ಇಷ್ಟನ್ನು ಟೇಪಿಗೆ ಇಳಿಸಿಕೊಂಡರು. ಪ್ರತಿ ಸ್ವರಕ್ಕೂ ವೇಗ ಹೆಚ್ಚು ಕಮ್ಮಿ ಮಾಡಿ ಶ್ರುತಿ ಹಿಡಿದರು. ಆಮೇಲೆ ಬ್ಲೇಡಿನಲ್ಲಿ ಟೇಪನ್ನು ಅಳತೆಗೆ ಕತ್ತರಿಸಿ ತುಂಡು ತುಂಡಾಗಿ ಅಂಟಿಸಿದರು. ಸ್ವರ ಎಷ್ಟು ಹೊತ್ತು ನಿಲ್ಲಬೇಕೋ ಟೇಪು ಅಷ್ಟು ಉದ್ದ. ಕೊನೆಗೆ ಬೇರೆ ಬೇರೆ ಟೇಪುಗಳನ್ನು ಒಟ್ಟಿಗೆ ಓಡಿಸಿ ಸೇರಿಸಿದರು. ಕೇಳಿ ಬೆರಗಾದ ಗ್ರೇನರ್ ತಮ್ಮ ಜೊತೆ ಅವರ ಹೆಸರೂ ಇರಲಿ ಅಂದರು, ಬಿಬಿಸಿ ನಿಯಮ ಬಿಡಲಿಲ್ಲ. ಡೀಲಿಯಾ 2001ರಲ್ಲಿ ತೀರಿಕೊಂಡರು. ಅವರ ಹೆಸರು ತೆರೆಯ ಮೇಲೆ ಬಂದದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಎಪಿಸೋಡಲ್ಲಿ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಟಾರ್ಡಿಸ್ ಬಂದು ಇಳಿಯುವಾಗ ಕರಕರ ಉಜ್ಜಿದಂಥ ಏದುಸಿರಿನ ಸದ್ದು ಇದೆಯಲ್ಲ, ಅದು ಬ್ರಯನ್ ಹಾಜ್‌ಸನ್ ಮಾಡಿದ್ದು. ಹಳೇ ಪಿಯಾನೋದ ಮಂದ್ರ ತಂತಿಗಳ ಮೇಲೆ ಮನೆ ಬೀಗದ ಕೈ ಎಳೆದು, ರೆಕಾರ್ಡ್ ಮಾಡಿ, ಟೇಪನ್ನು ತಿರುಗುಮುರುಗಾಗಿ ಓಡಿಸಿದರು. ಇಂದಿನ ದುಬಾರಿ ಎಪಿಸೋಡುಗಳಲ್ಲೂ ಆ ಸದ್ದು ಉಳಿದುಕೊಂಡಿದೆ.

ಹಳೇದರಲ್ಲಿ ಒಂದೇ ನೋಡುವುದಾದರೆ 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’ ನೋಡಿ. ಆರು ಕಂತು. ಒಂದೇ ರಾತ್ರಿ ಎಳೆದು ಮುಗಿಸಬೇಡಿ, ದಿನಕ್ಕೆ ಒಂದು ಕಂತು ಸಾಕು. ವಾರಕ್ಕೊಂದು ಬರಲಿ ಅಂತ ಮಾಡಿದ ಕಥೆ ಅದು.

ಪ್ರಶ್ನೆ: ಇಷ್ಟೆಲ್ಲ ಊರೂರು ಸುತ್ತುವ ಡಾಕ್ಟರ್ ನಮ್ಮ ದೇಶಕ್ಕೆ ಬಂದಿಲ್ಲವೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಬಂದಿದ್ದಾರೆ ಸರ್. ಅದಕ್ಕೂ ಮೊದಲು ಇನ್ನೊಂದು ನಂಟು ಹೇಳುತ್ತೇನೆ. 1963ರ ನವೆಂಬರ್ 23ರ ಶನಿವಾರ ಬಂದ ಮೊಟ್ಟಮೊದಲ ಎಪಿಸೋಡನ್ನು ನಿರ್ದೇಶಿಸಿದವರು ವಾರಿಸ್ ಹುಸೇನ್, ಹುಟ್ಟಿದ್ದು ಲಖನೌದಲ್ಲಿ. ಆಗ ಇನ್ನೂ ಇಪ್ಪತ್ತೈದರ ಆಸುಪಾಸು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್, ಅವರೂ ಇಪ್ಪತ್ತರ ಹರೆಯದವರೇ. ದೊಡ್ಡವರೇ ತುಂಬಿದ್ದ ಕಚೇರಿಯಲ್ಲಿ ಒಬ್ಬ ಯುವತಿ, ಒಬ್ಬ ಭಾರತ ಮೂಲದ ಹುಡುಗ ಸೇರಿ ಕಟ್ಟಿದ್ದು ಇದು. ಹಿಂದಿನ ದಿನವೇ ಅಮೆರಿಕದಲ್ಲಿ ಕೆನಡಿ ಹತ್ಯೆ ಆಗಿತ್ತು, ಎಲ್ಲರ ಗಮನ ಅತ್ತ. ಹಾಗಾಗಿ ಮುಂದಿನ ವಾರ ಮೊದಲ ಎಪಿಸೋಡನ್ನು ಇನ್ನೊಮ್ಮೆ ತೋರಿಸಿದರು.

ನೀವು ನೋಡಬೇಕಾದ್ದು 2018ರ ‘ಡೀಮನ್ಸ್ ಆಫ್ ದ ಪಂಜಾಬ್’. ಬರೆದವರು ವಿನಯ್ ಪಟೇಲ್. ಡಾಕ್ಟರ್ ಜೊತೆ ಓಡಾಡುವ ಯಾಸ್ಮಿನ್ ಖಾನ್‌ಗೆ ಅಜ್ಜಿ ಒಂದು ಒಡೆದ ಗಡಿಯಾರ ಕೊಡುತ್ತಾರೆ, ಅದರ ಕಥೆ ಮಾತ್ರ ಹೇಳಲ್ಲ. ಹುಡುಗಿ ಹಟ ಹಿಡಿದು ಅಜ್ಜಿಯ ಯೌವನಕ್ಕೆ ಹೋಗುತ್ತಾಳೆ. 1947ರ ಆಗಸ್ಟ್, ಪಂಜಾಬು, ಗಡಿರೇಖೆ ಪ್ರಕಟವಾಗುವ ದಿನ. ಅಜ್ಜಿ ಉಂಬ್ರೀನ್ ಮುಸ್ಲಿಂ, ಮದುವೆಯಾಗಲು ಹೊರಟಿರುವ ಪ್ರೇಮ್ ಹಿಂದೂ. ಹೊಸ ಗಡಿ ಅವರ ಹೊಲದಲ್ಲೇ ಹಾಯುತ್ತದೆ. ಅಲ್ಲೊಂದು ಹಗ್ಗ ಕಟ್ಟಿ, ಆ ಹಗ್ಗದ ಆಚೆ ಈಚೆ ನಿಂತು ಅವರು ಮದುವೆಯಾಗುತ್ತಾರೆ. ಬೇರೆ ಗ್ರಹದ ಜೀವಿಗಳೂ ಇದ್ದಾರೆ, ಅವರೇ ದುಷ್ಟರು ಅಂತ ಮೊದಲು ಅನಿಸುತ್ತದೆ. ನಿಜವಾದ ಅಪಾಯ ಬರುವುದು ಮನೆಯೊಳಗಿಂದ, ಪ್ರೇಮನ ತಮ್ಮನಿಂದ. ಮುಂದಿನದು ಹೇಳಲ್ಲ. ಕಾಲದಲ್ಲಿ ಹಿಂದೆ ಹೋದರೂ ಎಲ್ಲವನ್ನೂ ಸರಿಮಾಡಲು ಆಗಲ್ಲ ಅನ್ನೋ ನೋವನ್ನು ಇಷ್ಟು ಸರಳವಾಗಿ ತೋರಿಸಿದ ಎಪಿಸೋಡು ಕಮ್ಮಿ. ಮುಗಿದ ತಕ್ಷಣ ಎದ್ದುಹೋಗಬೇಡಿ, ಕೊನೆಯ ಹೆಸರುಗಳ ಹೊತ್ತಿಗೆ ಅದೇ ಶೀರ್ಷಿಕೆ ಸಂಗೀತ ನಮ್ಮ ಕಡೆಯ ಧಾಟಿಯಲ್ಲಿ, ಆಲಾಪವಾಗಿ ಬರುತ್ತದೆ.

ಪ್ರಶ್ನೆ: 60ರ ದಶಕದ ಎಷ್ಟೋ ಎಪಿಸೋಡು ಇಲ್ಲವೇ ಇಲ್ಲ ಅಂತಾರೆ, ನಿಜವಾ?
– ಓದುಗ, ಮಂಗಳೂರು

ಉತ್ತರ: ನಿಜ. ಆಗ ಟೇಪು ದುಬಾರಿ, ಮರುಪ್ರಸಾರದ ಯೋಚನೆ ಇರಲಿಲ್ಲ, ಬಿಬಿಸಿ ಅಳಿಸಿ ಮತ್ತೆ ಬಳಸಿತು. ಹೊರದೇಶದ ಟೀವಿಗಳಿಗೆ ಮಾರಿದ ಫಿಲ್ಮ್ ಪ್ರತಿಗಳಿಂದ ಕೆಲವು ವಾಪಸ್ ಸಿಕ್ಕಿವೆ. 2013ರಲ್ಲಿ ನೈಜೀರಿಯಾದಿಂದ ಒಂಬತ್ತು ಎಪಿಸೋಡ್ ಬಂದವು! ಕಳೆದುಹೋದ ಚಿತ್ರಗಳ ಧ್ವನಿ ಮಾತ್ರ ಅಷ್ಟೂ ಉಳಿದಿದೆ. ಅಂದಿನ ಅಭಿಮಾನಿಗಳು ಮನೆಯಲ್ಲಿ ಟೀವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡಿದ್ದರು. ಅದಕ್ಕೆ ಅನಿಮೇಷನ್ ಸೇರಿಸಿ ಕೆಲವನ್ನು ಹೊರತಂದಿದ್ದಾರೆ.

ಪ್ರಶ್ನೆ: ಎಂಟು ವರ್ಷದ ಮಗನಿಗೆ ತೋರಿಸಬಹುದಾ? ಹೆದರಿಕೊಂಡರೆ?
– ತಂದೆ, ಶಿವಮೊಗ್ಗ

ಉತ್ತರ: ತೋರಿಸಿ. ಶನಿವಾರ ಸಂಜೆ ಮನೆಮಂದಿ ಕೂತು ನೋಡಲಿ ಅಂತಲೇ ಮಾಡಿದ್ದು ಇದು. ಸ್ವಲ್ಪ ಹೆದರಿಕೆ ಇರುತ್ತದೆ, ಅಲ್ಲಿನ ಮಕ್ಕಳು ಸೋಫಾ ಹಿಂದೆ ಬಚ್ಚಿಟ್ಟುಕೊಂಡು ನೋಡುತ್ತಿದ್ದರು ಅನ್ನೋ ಮಾತೇ ಇದೆ. 2010ರ ‘ದಿ ಇಲೆವೆಂತ್ ಅವರ್’ನಿಂದ ಶುರು ಮಾಡಿ. ಮ್ಯಾಟ್ ಸ್ಮಿತ್ ಡಾಕ್ಟರ್ ಆಗಿ ಬಂದ ಮೊದಲ ಎಪಿಸೋಡ್. ರಾತ್ರಿ ಹಿತ್ತಲಿಗೆ ಬಂದು ಬಿದ್ದ ಡಾಕ್ಟರ್‌ಗೆ ಅಮೀಲಿಯಾ ಅನ್ನೋ ಪುಟ್ಟ ಹುಡುಗಿ ಒಂದೊಂದೇ ತಿಂಡಿ ಕೊಡುತ್ತಾಳೆ. ಸೇಬು ಉಗುಳುತ್ತಾನೆ, ಮೊಸರು ಉಗುಳುತ್ತಾನೆ, ಬೆಣ್ಣೆ ಹಚ್ಚಿದ ಬ್ರೆಡ್ಡನ್ನು ತಟ್ಟೆ ಸಮೇತ ಹೊರಗೆ ಎಸೆಯುತ್ತಾನೆ. ಕೊನೆಗೆ ಕರಿದ ಮೀನಿನ ತುಂಡನ್ನು ಕಸ್ಟರ್ಡ್‌ನಲ್ಲಿ ಅದ್ದಿ ಖುಷಿಯಾಗಿ ತಿನ್ನುತ್ತಾನೆ. ನಿಮ್ಮ ಮಗ ಬಿದ್ದು ಬಿದ್ದು ನಗುತ್ತಾನೆ.

ಅದೇ ಸೀಸನ್ನಿನ ನಾಲ್ಕು, ಐದನೇ ಎಪಿಸೋಡಲ್ಲಿ ‘ಬ್ಲಿಂಕ್’ನ ಹೆದರಿಸುವ ಕಲ್ಲಿನ ವಿಗ್ರಹಗಳು ಮತ್ತೆ ಬರುತ್ತವೆ, ಅವನ್ನು ಸದ್ಯ ಬಿಟ್ಟು ಮುಂದೆ ಹೋಗಿ. ಹತ್ತನೆಯದು ಚಿತ್ರಕಾರ ವಿನ್ಸೆಂಟ್ ವಾನ್ ಗೋ ಕಥೆ, ಅವರ ಮನಸ್ಸಿನ ಸಂಕಟವೂ ಅದರಲ್ಲಿದೆ. ಅದನ್ನು ಮಾತ್ರ ಪಕ್ಕದಲ್ಲೇ ಕೂತು ನೋಡಿ. ಅವನು ಪ್ರಶ್ನೆ ಕೇಳುತ್ತಾನೆ, ನಿಲ್ಲಿಸಿ ಉತ್ತರ ಹೇಳಿ, ಆಮೇಲೆ ಮುಂದುವರಿಸಿ.