ನಿಮ್ಮೂರ ಅಮ್ಮನಿಗೆ ಸತಿಯ ಬೆರಳು ಬೇಕೇ?

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನಮ್ಮ ದಸರಾ ವಿಶೇಷ ಸಂಚಿಕೆಗೆಂದು ನೀವು ಪಾಂಡವಪುರದ ಕಡೆಯಿಂದ ಕಳಿಸಿದ ‘ಸತಿಯ ದೇಹದಿಂದ ಶಕ್ತಿಪೀಠಗಳವರೆಗೆ’ ಎಂಬ ಲೇಖನವನ್ನು ನಿಧಾನವಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೂ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಲೇಖನದ ಕೊನೆಯ ಪುಟದಲ್ಲಿ, ನೀವೇ ಅಷ್ಟಾಗಿ ಗಮನ ಕೊಡದೆ ದಾಟಿಬಿಟ್ಟ ಒಂದು ಸಂಗತಿಯಿದೆ. ಅದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನೀವು ಹೇಳುವ ಕಥೆ ಎಲ್ಲರೂ ಬಲ್ಲ ಕಥೆ. ದಕ್ಷನು ಯಜ್ಞಕ್ಕೆ ಶಿವನನ್ನು ಕರೆಯುವುದಿಲ್ಲ, ಅವಮಾನ ತಾಳಲಾರದೆ ಸತಿ ದೇಹತ್ಯಾಗ ಮಾಡುತ್ತಾಳೆ, ಶಿವನು ಆ ದೇಹವನ್ನು ಹೊತ್ತು ಅಲೆಯುತ್ತಾನೆ, ವಿಷ್ಣುವಿನ ಚಕ್ರ ಅದನ್ನು ಕತ್ತರಿಸುತ್ತದೆ, ತುಂಡುಗಳು ಬಿದ್ದೆಡೆಯಲ್ಲಿ 51 ಪೀಠಗಳಾಗುತ್ತವೆ. ಬಳಿಕ ಪೀಠಗಳ ಪಟ್ಟಿ, ಚಾಮುಂಡಿ ಬೆಟ್ಟದಲ್ಲಿ ಕೇಶ ಬಿದ್ದಿತೆಂಬ ಮಾತು, ಕೊನೆಗೆ ನಿಮ್ಮೂರ ಮಾರಮ್ಮನ ಗುಡಿಯ ಜಾಗದಲ್ಲಿ ಸತಿಯ ಕಿರುಬೆರಳು ಬಿದ್ದಿತೆಂಬ ಹೇಳಿಕೆ. ಇಡೀ ಲೇಖನಕ್ಕೆ ಆಧಾರವಾಗಿ ‘ವೇದಪುರಾಣಗಳಲ್ಲಿ ಹೇಳಿರುವಂತೆ’ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಬಳಸಿದ್ದೀರಿ. ನನ್ನ ಮುಖ್ಯ ಆಕ್ಷೇಪ ಇರುವುದು ಆ ಮಾತಿನ ಮೇಲೆ.

ವೇದದಲ್ಲಿ ಈ ಕಥೆಯಿಲ್ಲ. ತೈತ್ತಿರೀಯ ಸಂಹಿತೆಯಲ್ಲಿ ದೇವತೆಗಳು ರುದ್ರನನ್ನು ಯಜ್ಞದಿಂದ ಹೊರಗಿಡುವುದು, ಅವನು ಯಜ್ಞವನ್ನೇ ಭೇದಿಸುವುದು, ಭೇದಿಸಿದ ಭಾಗವನ್ನು ತಿಂದ ಪೂಷನೆಂಬ ದೇವತೆಯ ಹಲ್ಲು ಹೋಗುವುದು ಇವೆ, ಸತಿಯ ಸುಳಿವಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ದಕ್ಷಯಜ್ಞ ಬರುತ್ತದೆ, ವೀರಭದ್ರನೂ ಭದ್ರಕಾಳಿಯೂ ಹುಟ್ಟುತ್ತಾರೆ, ಆದರೆ ಅಲ್ಲಿ ದೇವಿ ಸಾಯುವುದಿಲ್ಲ. ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಸತಿ ಯೋಗಾಗ್ನಿಯಲ್ಲಿ ದೇಹವನ್ನು ಬಿಡುತ್ತಾಳೆ, ದಕ್ಷನಿಗೆ ಕೊನೆಗೆ ಆಡಿನ ತಲೆ ಬರುತ್ತದೆ. ಶಿವನು ದೇಹ ಹೊತ್ತು ಅಲೆಯುವ ಪ್ರಸಂಗ ಅಲ್ಲಿಯೂ ಇಲ್ಲ. ಮತ್ಸ್ಯಪುರಾಣದಲ್ಲಂತೂ ದೇಹವನ್ನು ಬಿಡುವ ಮುನ್ನ ಸತಿಯೇ ತಾನು ಯಾವ ಊರಿನಲ್ಲಿ ಯಾವ ಹೆಸರಿನಿಂದ ನೆಲೆಸಿದ್ದೇನೆಂದು 108 ಹೆಸರುಗಳನ್ನು ಹೇಳುತ್ತಾಳೆ. ಈ ಪ್ರಸಂಗವನ್ನು ನೀವು ಗಮನವಿಟ್ಟು ಓದಬೇಕೆಂದು ನನ್ನ ಆಸೆ. ಅಲ್ಲಿ ಯಾವ ಅಂಗವೂ ಬೀಳುವುದಿಲ್ಲ. ಸತಿ ಸಾಯುವ ಮೊದಲೇ ದೇವಿ ಆ ಸ್ಥಳಗಳಲ್ಲಿ ಇದ್ದಾಳೆ.

ದೇಹ ತುಂಡಾಗುವ ಕಥೆ ಕಾಣಿಸಿಕೊಳ್ಳುವುದು ಕಾಲಿಕಾಪುರಾಣ, ದೇವೀಭಾಗವತ, ಮಹಾಭಾಗವತ ಪುರಾಣಗಳಂಥ ಈಚಿನ ಶಾಕ್ತ, ಅಂದರೆ ದೇವಿಯನ್ನೇ ಆರಾಧಿಸುವ ಪಂಥದ, ಗ್ರಂಥಗಳಲ್ಲಿ. ಅವುಗಳಲ್ಲಿಯೂ ಒಂದೇ ಮಾತಿಲ್ಲ. ಅಸ್ಸಾಮಿನ ಕಡೆ ರಚಿತವಾದ ಕಾಲಿಕಾಪುರಾಣದಲ್ಲಿ ಬ್ರಹ್ಮ, ವಿಷ್ಣು, ಶನಿ ಮೂವರೂ ಶವದೊಳಗೆ ಪ್ರವೇಶಿಸಿ ಅದನ್ನು ಕತ್ತರಿಸುತ್ತಾರೆ, ಬೀಳುವ ಸ್ಥಳಗಳೂ ಬೆರಳೆಣಿಕೆಯಷ್ಟೇ. ದೇವೀಭಾಗವತದಲ್ಲಿ ವಿಷ್ಣು ಬಾಣಗಳಿಂದ ಕತ್ತರಿಸುತ್ತಾನೆ, ಪೀಠಗಳು 108. ನೀವು ಬರೆದಿರುವ ಸುದರ್ಶನ ಚಕ್ರ ಮಹಾಭಾಗವತದ್ದು. ಪ್ರತಿ ಪೀಠಕ್ಕೂ ಒಬ್ಬ ದೇವಿ, ಒಬ್ಬ ಭೈರವ, ಒಂದು ಅಂಗ ಎಂಬ ಅಚ್ಚುಕಟ್ಟಾದ ಲೆಕ್ಕ ಪೀಠನಿರ್ಣಯವೆಂಬ ತಾಂತ್ರಿಕ ಗ್ರಂಥದಿಂದ ಬಂದದ್ದು. 51 ಎಂಬ ಸಂಖ್ಯೆಗೆ ಸಂಸ್ಕೃತ ವರ್ಣಮಾಲೆಯ ಅಕ್ಷರಗಳ ನಂಟಿದೆ. ನಾಲ್ಕು ಗ್ರಂಥಗಳಿಂದ ಒಂದೊಂದು ಎಳೆ ತೆಗೆದು ಒಂದೇ ಕಥೆಯಾಗಿ ಹೆಣೆದರೆ ಓದುಗರಿಗೆ ಓದಲು ಸುಲಭವಾಗಬಹುದು, ಆದರೆ ಆ ಗ್ರಂಥಗಳನ್ನು ರಚಿಸಿದವರು ತಮ್ಮ ತಮ್ಮ ನೆಲದಲ್ಲಿ ನಿಂತು ಏನನ್ನು ಕಂಡರೆಂಬುದು ಮರೆಯಾಗುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಿ. ಮಹಾಭಾರತದ ತೀರ್ಥಯಾತ್ರಾಪರ್ವದಲ್ಲಿಯೇ ಯೋನಿದ್ವಾರ, ಗೌರೀಶಿಖರದ ಸ್ತನಕುಂಡ ಮೊದಲಾದ ಕ್ಷೇತ್ರಗಳ ಹೆಸರು ಬರುತ್ತದೆ. ಬೆಟ್ಟವನ್ನೂ ಕೊಳವನ್ನೂ ದೇವಿಯ ಅಂಗವೆಂದು ಪೂಜಿಸುವ ರೂಢಿ ಅಷ್ಟು ಹಳೆಯದು. ಪೀಠಗಳ ಬಗ್ಗೆ 1948ರಲ್ಲಿ ಪ್ರಕಟವಾದ, ಇತಿಹಾಸಕಾರ ಡಿ.ಸಿ. ಸರ್ಕಾರ್ ಅವರ ಅಧ್ಯಯನ ಈ ಉಲ್ಲೇಖಗಳನ್ನು ಒಟ್ಟುಗೂಡಿಸಿದೆ. ಶಾಕ್ತ ಕ್ಷೇತ್ರಗಳ ಬಗ್ಗೆ ಬರೆಯುವವರು ಅದನ್ನು ಓದದೆ ಮುಂದೆ ಹೋಗಬಾರದು. ಸ್ಥಳಗಳು ಮೊದಲು ಇದ್ದವು, ಅವುಗಳನ್ನೆಲ್ಲ ಪೋಣಿಸುವ ಕಥೆ ಆಮೇಲೆ ಬಂದಿತು. ನಿಮ್ಮ ಲೇಖನದ ನಡೆ ಇದಕ್ಕೆ ತೀರ ವಿರುದ್ಧವಾಗಿದೆ.

ಅಸ್ಸಾಮಿನ ಕಾಮಾಖ್ಯೆಯ ಬಗ್ಗೆ ಬರೆಯುವಾಗ ‘ದೇವಿಯ ಒಂದು ಅಂಗ’ ಬಿದ್ದಿತೆಂದು ಸಂಕೋಚದಿಂದ ಹೇಳಿದ್ದೀರಿ. ಯೋನಿ ಎಂದೇ ಬರೆಯಿರಿ. ಪುರಾಣಕಾರರಿಗೆ ಇಲ್ಲದ ಸಂಕೋಚ ನಮಗೆ ಬೇಕಿಲ್ಲ. ಅಲ್ಲಿನ ಗರ್ಭಗುಡಿಯಲ್ಲಿ ವಿಗ್ರಹವಿಲ್ಲ. ನೆಲಮಟ್ಟಕ್ಕಿಂತ ಕೆಳಗೆ, ಬುಗ್ಗೆಯ ನೀರಿನಿಂದ ಸದಾ ತೇವವಾಗಿರುವ ಬಂಡೆಯ ಸೀಳನ್ನೇ ಪೂಜಿಸುತ್ತಾರೆ. ಅಂಬುಬಾಚಿಯ ಸಮಯದಲ್ಲಿ ದೇವಿ ಮುಟ್ಟಾಗುತ್ತಾಳೆಂದು ಮೂರು ದಿನ ಬಾಗಿಲು ಮುಚ್ಚಿ, ಆಮೇಲೆ ಅದನ್ನೇ ಹಬ್ಬವಾಗಿ ಆಚರಿಸುತ್ತಾರೆ. ಮುಟ್ಟಾದ ಹೆಣ್ಣು ಗುಡಿಯ ಹತ್ತಿರ ಸುಳಿಯಬಾರದೆಂಬ ಮಾತು ಕೇಳಿ ಬೆಳೆದ ನಮ್ಮ ಓದುಗರಿಗೆ ಈ ವಿಷಯವನ್ನು ನೇರವಾಗಿ ತಿಳಿಸುವುದು ನಿಮ್ಮ ಕರ್ತವ್ಯವೆಂದು ನಾನು ನಂಬುತ್ತೇನೆ. ಹಾಗೆಯೇ ‘ಭಾರತದಾದ್ಯಂತ ಹರಡಿರುವ 51 ಪೀಠಗಳು’ ಎಂಬ ವಾಕ್ಯವನ್ನು ತಿದ್ದಿ. ಹಿಂಗ್ಲಾಜ್ ಇರುವುದು ಬಲೂಚಿಸ್ತಾನದಲ್ಲಿ, ಅಲ್ಲಿನ ಮುಸಲ್ಮಾನರೂ ಆ ತಾಯಿಯನ್ನು ನಾನಿ ಎಂದು ಕರೆಯುತ್ತಾರೆ. ಸುಗಂಧಾ ಪೀಠ ಬಾಂಗ್ಲಾದೇಶದಲ್ಲಿದೆ, ಗುಹ್ಯೇಶ್ವರಿ ನೇಪಾಳದಲ್ಲಿದ್ದಾಳೆ.

ಇನ್ನು ನಮ್ಮ ಚಾಮುಂಡಿ ಬೆಟ್ಟದ ವಿಷಯ. ಹದಿನೆಂಟು ಪೀಠಗಳ ಸ್ತೋತ್ರದಲ್ಲಿ ‘ಚಾಮುಂಡೀ ಕ್ರೌಂಚಪಟ್ಟಣೇ’ ಎಂದಿದೆ. ಆ ಕ್ರೌಂಚಪಟ್ಟಣವೇ ಮೈಸೂರೆಂದೂ, ಸತಿಯ ಕೇಶ ಇಲ್ಲಿ ಬಿದ್ದಿತೆಂದೂ ಭಕ್ತರು ನಂಬುತ್ತಾರೆ. ನಂಬಿಕೆಯನ್ನು ನಂಬಿಕೆಯೆಂದು ಬರೆದರೆ ಯಾರಿಗೂ ತಕರಾರಿಲ್ಲ. ಆದರೆ ‘ಆದ್ದರಿಂದಲೇ ಬೆಟ್ಟದ ಮೇಲೆ ದೇವಾಲಯ ಕಟ್ಟಲಾಯಿತು’ ಎಂದು ನೀವು ಮುಂದುವರಿಸಿದ್ದೀರಿ. ಬೆಟ್ಟದ ಹಳೆಯ ಗುಡಿ ಮಹಾಬಲೇಶ್ವರನದು, ಬೆಟ್ಟಕ್ಕೆ ಮಹಾಬಲಾದ್ರಿ ಎಂಬ ಹೆಸರೂ ಇತ್ತು. ಒಡೆಯರು ಚಾಮುಂಡಿಯನ್ನು ಮನೆದೇವರೆಂದು ಪೂಜಿಸಿದಂತೆ ದೇವಿಯ ಗುಡಿ ದೊಡ್ಡದಾಯಿತು. ಮೆಟ್ಟಿಲುಗಳನ್ನೂ ದೊಡ್ಡ ನಂದಿಯನ್ನೂ ಮಾಡಿಸಿದವನು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯ, ಗೋಪುರ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು.

ಅದಕ್ಕಿಂತ ಮುಖ್ಯವಾಗಿ, ಈ ಸೀಮೆಯ ಜನ ಚಾಮುಂಡಿಯನ್ನು ಹಾಡಿರುವ ಬಗೆಯಲ್ಲಿ ಸತಿಯೇ ಇಲ್ಲ. ದೇವೀಮಾಹಾತ್ಮ್ಯೆಯಲ್ಲಿ ನೆಲಕ್ಕೆ ಬಿದ್ದ ರಕ್ತದ ಹನಿಯಿಂದ ಮತ್ತೆ ಹುಟ್ಟುವವನು ರಕ್ತಬೀಜ. ನಮ್ಮ ಜನಪದರು ಆ ಗುಣವನ್ನು ಮಹಿಷಾಸುರನಿಗೇ ಕೊಟ್ಟರು. ದಣಿದ ಚಾಮುಂಡಿಯ ಬೆವರಿನಿಂದ ಉತ್ತನಹಳ್ಳಿಯ ತಂಗಿಯನ್ನು ಹುಟ್ಟಿಸಿ, ಅವಳು ನಾಲಗೆ ಚಾಚಿ ಒಂದು ಹನಿಯೂ ನೆಲ ಮುಟ್ಟದಂತೆ ಹೀರಿದಳೆಂದರು. ಅದೂ ಸಾಲದೆ ನಂಜನಗೂಡಿನ ನಂಜುಂಡನಿಗೂ ಚಾಮುಂಡಿಗೂ ಪ್ರೀತಿ ಹುಟ್ಟಿಸಿ, ನಂಜುಂಡನ ಮನೆಯಲ್ಲಿ ಜಗಳವನ್ನೂ ತಂದರು. ಬೆಟ್ಟ, ಉತ್ತನಹಳ್ಳಿ, ನಂಜನಗೂಡು ಮೂರನ್ನೂ ಬಂಧುಗಳನ್ನಾಗಿಸಿದ ಇಂಥ ಕಥೆಯನ್ನು ಕೈಬಿಟ್ಟು ಕೇಶದ ಒಂದು ಸಾಲಿಗೆ ತೃಪ್ತರಾಗಿರುವುದು ನನಗೆ ಬೇಸರ ತಂದಿತು.

ಈಗ ಕೊನೆಯ ಪುಟಕ್ಕೆ ಬರುತ್ತೇನೆ. ನೀವು ಬರೆದಿರುವುದು ಇಷ್ಟು: ಕೆರೆಯ ಹೂಳೆತ್ತುವಾಗ ಗುದ್ದಲಿ ತಗುಲಿ ಕಲ್ಲಿನಿಂದ ರಕ್ತ ಬಂದಿತೆಂದು ಅಜ್ಜಿ ಹೇಳುತ್ತಿದ್ದರು, ಅಮ್ಮ ಗುಡ್ಡಪ್ಪನ ಮೈಮೇಲೆ ಬಂದು ಮೇಲೆ ಸೂರು ಬೇಡವೆಂದದ್ದರಿಂದ ಬಹಳ ಕಾಲ ಬೇವಿನ ಮರದಡಿಯಲ್ಲಿಯೇ ಇದ್ದಳು, ಇಂದಿಗೂ ಹಬ್ಬದಲ್ಲಿ ಮೊದಲ ತಂಬಿಟ್ಟಿನ ಆರತಿ ಬರುವುದು ಆ ಗುದ್ದಲಿಯವನ ಮನೆಯಿಂದ. ಎರಡೇ ವಾಕ್ಯದಲ್ಲಿ ಇದನ್ನು ಮುಗಿಸಿ, ‘ಆದರೆ ವಾಸ್ತವದಲ್ಲಿ ಇಲ್ಲಿ ಸತಿಯ ಕಿರುಬೆರಳು ಬಿದ್ದಿದೆ’ ಎಂದು ತಿದ್ದುಪಡಿ ಕೊಟ್ಟಿದ್ದೀರಿ. ಅಜ್ಜಿಯ ಮಾತು ಅವಾಸ್ತವ, ಬೆರಳು ವಾಸ್ತವ ಎಂದು ನಿರ್ಣಯಿಸಿದವರು ಯಾರು? ಜೀರ್ಣೋದ್ಧಾರದ ಬಳಿಕ ಗುಡಿಯ ಮುಂದೆ ಹಾಕಿದ ಫಲಕದಲ್ಲಿ ಹಾಗಿದೆ ಎಂದು ನೀವೇ ಬರೆದಿದ್ದೀರಿ.

ನನ್ನ ದೃಷ್ಟಿಯಲ್ಲಿ ನಿಮ್ಮ ನಿಜವಾದ ಲೇಖನ ಇಲ್ಲಿಂದ ಶುರುವಾಗಬೇಕು. ಗುದ್ದಲಿಯ ಏಟು ತಿಂದು ಎದ್ದ ದೇವಿ ಏಟು ಹಾಕಿದವನ ಮನೆಯನ್ನೇ ಮೊದಲ ಒಕ್ಕಲಾಗಿ ಆರಿಸಿಕೊಂಡಳು. ಅವಳಿಗೆ ಮತ್ತೊಬ್ಬ ದೇವಿಯ ಬೆರಳಿನ ಆಸರೆ ಏಕೆ ಬೇಕು? ಹಾಗೆಂದು ಫಲಕದ ಮಾತನ್ನು ಸುಳ್ಳೆಂದು ಹೊಡೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಒಂದು ಊರಿನ ಅಮ್ಮನನ್ನು ದೊಡ್ಡ ಪುರಾಣಕ್ಕೆ ಸೇರಿಸುವ ಕೆಲಸ ಸಾವಿರ ವರ್ಷಗಳಿಂದ ನಡೆದುಬಂದಿದೆ. ಪೀಠಗಳ ಪಟ್ಟಿಗಳು ಬೆಳೆದದ್ದು ಬಹುಮಟ್ಟಿಗೆ ಹೀಗೆಯೇ. ಅದು ನಿಮ್ಮ ಕಣ್ಣೆದುರಿಗೇ ನಡೆದಿದೆಯೆಂಬುದು ಬರಹಗಾರರಿಗೆ ಅಪರೂಪದ ಅವಕಾಶ. ಬೆರಳಿನ ಮಾತನ್ನು ಮೊದಲು ಆಡಿದವರು ಯಾರು, ಆಗ ಗುಡ್ಡಪ್ಪ ಏನೆಂದರು, ಸೂರು ಬೇಡವೆಂದಿದ್ದ ದೇವಿಗೆ ಸೂರು ಹಾಕಲು ಅಪ್ಪಣೆ ಹೇಗೆ ಸಿಕ್ಕಿತು, ಹಳೆಯ ಪೂಜೆಯಲ್ಲಿ ಏನು ನಿಂತುಹೋಯಿತು, ಏನು ಉಳಿಯಿತು, ಇದನ್ನೆಲ್ಲ ಕೇಳಿ ಬರೆಯಿರಿ. ಊರಿನವರನ್ನು ನೋಯಿಸದೆ, ಯಾರ ಪಕ್ಷವನ್ನೂ ವಹಿಸದೆ ಬರೆಯಿರಿ.

ಭಾಷೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಪರಮಪವಿತ್ರ’, ‘ಜಗದ್ವಿಖ್ಯಾತ’, ‘ಅತ್ಯದ್ಭುತ’ ಎಂಬ ವಿಶೇಷಣಗಳನ್ನು ತೆಗೆದುಹಾಕಿ; ಅಜ್ಜಿಯ ಮಾತು ಬರುವ ಎರಡು ವಾಕ್ಯಗಳಲ್ಲಿ ಅವು ಒಂದೂ ಇಲ್ಲ, ಆ ವಾಕ್ಯಗಳೇ ಲೇಖನದಲ್ಲಿ ಅತ್ಯಂತ ಚೆನ್ನಾಗಿವೆ. 51 ಪೀಠಗಳ ಪಟ್ಟಿಯನ್ನು ಪೂರ್ತಿ ಬಿಡಿ. ದಕ್ಷಯಜ್ಞದ ಭಾಗವನ್ನು ಒಂದು ಪುಟಕ್ಕೆ ಇಳಿಸಿ, ಯಾವ ಮಾತು ಯಾವ ಪುರಾಣದ್ದೆಂದು ಅಲ್ಲಲ್ಲಿಯೇ ಹೇಳಿ. ಉಳಿದ ಜಾಗವೆಲ್ಲ ನಿಮ್ಮೂರಿಗೆ ಇರಲಿ.

ದಸರಾ ಸಂಚಿಕೆಗೆ ಇದು ಹೊಂದುವುದಿಲ್ಲ, ಅವಸರವೂ ಬೇಡ. ನಿಮ್ಮೂರ ಹಬ್ಬ ಯುಗಾದಿ ಕಳೆದ ಮೇಲೆ ಎಂದು ಬರೆದಿದ್ದೀರಿ. ಹಬ್ಬವನ್ನು ಊರಿಗೆ ಸಾರುವ, ಅಂದರೆ ಸಾರು ಹಾಕುವ ದಿನದಿಂದ ಕೊಂಡ ಹಾಯುವ ದಿನದವರೆಗೆ ಊರಿನಲ್ಲಿದ್ದು, ಆರತಿ ತರುವ ಆ ಮನೆಯ ಹೆಂಗಸರ ಜೊತೆ ಮಾತಾಡಿ, ಅವರ ಒಪ್ಪಿಗೆ ಪಡೆದು ಬರೆದು ಕಳಿಸಿ. ಫಲಕದ ಒಂದು ಫೋಟೋ, ಬೇವಿನ ಮರ ಇನ್ನೂ ಇದ್ದರೆ ಅದರದೊಂದು ಫೋಟೋ ಜೊತೆಗಿರಲಿ. ಬಂದ ಕೂಡಲೇ ಓದಿ ಉತ್ತರಿಸುತ್ತೇನೆ.

ಇತಿ,
ಸಂಪಾದಕ, ಮೈಸೂರು